ಯೂಸರ್‌ಸ್ಪೇಸ್ ಮುರಿಯಬಾರದಂತೆ!

ಇಲ್ಲದ ಸಾಧನಕ್ಕೆ ಡ್ರೈವರ್ ಬರೆಯುವವರಿದ್ದಾರೆ. ನಗಬೇಡಿ, ಕಂಪ್ಯೂಟರ್ ಲೋಕದಲ್ಲಿ ಅದು ಮರ್ಯಾದಸ್ಥರ ಕಸುಬು. ಪ್ರೊಸೆಸರು, ಮೆಮೊರಿ, ಆಕ್ಸಿಲರೇಟರುಗಳನ್ನು ಒಂದಕ್ಕೊಂದು ಬೆಸೆಯಲು ಇಂಟೆಲ್ ಮತ್ತಿತರ ಕಂಪನಿಗಳು 2019ರಲ್ಲಿ ಸಿಎಕ್ಸ್‌ಎಲ್ ಎಂಬ ಹೊಸ ಇಂಟರ್‌ಕನೆಕ್ಟ್ ಘೋಷಿಸಿದವು. ಅದರ ಡ್ರೈವರ್ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ 5.12ನೇ ಆವೃತ್ತಿಯೊಳಗೆ 2021ರ ಏಪ್ರಿಲ್‌ನಲ್ಲೇ ಕೂತಿತು. ಅದನ್ನು ಬಳಸಬಲ್ಲ ಸರ್ವರ್ ಪ್ರೊಸೆಸರುಗಳು ಮಾರಾಟಕ್ಕೆ ಬಂದದ್ದು 2022ರ ಕೊನೆಗೆ. ಅಲ್ಲಿಯವರೆಗೆ ಎಂಜಿನಿಯರುಗಳು ಕ್ವೆಮು ಎಂಬ ಎಮ್ಯುಲೇಟರಿಗೆ ಇಲ್ಲದ ಸಾಧನವನ್ನು ಇದ್ದಂತೆ ನಟಿಸಲು ಹೇಳಿ, ಆ ನಟನೆಯ ಮೇಲೆ ಪರೀಕ್ಷೆ ನಡೆಸುತ್ತಿದ್ದರು.

ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಆ ಹೋಬಳಿಯ 2,800 ಎಕರೆಗೂ ಮೇಲ್ಪಟ್ಟ ಜಮೀನಿನ ಮೇಲೆ ಸರ್ಕಾರಿ ಮಂಡಳಿಯಾದ ಕೆಐಎಡಿಬಿ ಕೈಗಾರಿಕಾ ಪ್ರದೇಶದ ನಕ್ಷೆ ಹಾಸಿದೆ. ಇಂಥ ಭೂಸ್ವಾಧೀನ ಅಧಿಸೂಚನೆಗಳಲ್ಲಿ ಸರ್ವೆ ನಂಬರ್ ಇರುತ್ತದೆ, ಕಾರ್ಖಾನೆಯ ಹೆಸರಿರುವುದಿಲ್ಲ. ಕಾರ್ಖಾನೆ ಕ್ವೆಮುವಿನೊಳಗೆ ಓಡುತ್ತಿರುತ್ತದೆ.

ಆದರೆ ಕರ್ನಲ್‌ನವರು ಮಹಾ ತಕರಾರಿನ ಜನ. ದೊಡ್ಡ ಕಂಪನಿ ಕಳಿಸಿದ ಕೋಡು ಎಂದು ಕೈಮುಗಿದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟ್ಯಾಬ್ ಎಂಟು ಅಕ್ಷರದಗಲ ಇಲ್ಲವೆಂದೂ ವಾಪಸ್ಸು ಕಳಿಸುತ್ತಾರೆ. ಬರೆದವನು ಅಡಿಯಲ್ಲಿ ಸಹಿ ಹಾಕಬೇಕು. ಇದು 2004ರಿಂದ ಬಂದ ಪದ್ಧತಿ. ಮುಂದೆ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿ, ಹೆಸರನ್ನು ಮೇಂಟೈನರ್ಸ್ ಕಡತಕ್ಕೆ ಏರಿಸುತ್ತಾರೆ. ಗ್ರಾಫಿಕ್ಸ್ ವಿಭಾಗದವರು ಇನ್ನೂ ಖಡಕ್ಕು: ಡ್ರೈವರ್ ತೆರೆದಿಟ್ಟು ಅದನ್ನು ಬಳಸುವ ತಂತ್ರಾಂಶವನ್ನು ಮುಚ್ಚಿಟ್ಟರೆ ಹೊಸಿಲು ದಾಟಲು ಬಿಡುವುದಿಲ್ಲ. ಎನ್ವಿಡಿಯಾ 2022ರಲ್ಲಿ ತನ್ನ ಕರ್ನಲ್ ಮಾಡ್ಯೂಲುಗಳನ್ನು ಲೋಕಕ್ಕೆ ತೆರೆದಿಟ್ಟಿತು ನಿಜ, ಕೆಲಸದ ಬಹುಪಾಲನ್ನು ಚಿಪ್ಪಿನೊಳಗೇ ಓಡುವ ಮುಚ್ಚಿದ ಫರ್ಮ್‌ವೇರಿಗೆ ಸಾಗಿಸಿದ ಮೇಲೆ. ಮನೆ ಬಾಗಿಲು ತೆರೆದಿದೆ, ಬೀರುವಿಗೆ ಬೀಗ.

ಜಮೀನು ಸ್ವಾಧೀನಕ್ಕೆ ದಾರಿ ಮಾಡುವ 1966ರ ಕೆಐಎಡಿಬಿ ಕಾಯ್ದೆಯ 28ನೇ ಕಲಮೂ ಈ ಮಟ್ಟಿಗೆ ಓಪನ್ ಸೋರ್ಸೇ. ಮೊದಲು ಪ್ರಾಥಮಿಕ ಅಧಿಸೂಚನೆ, ಆಮೇಲೆ ನೋಟಿಸು, ಆಮೇಲೆ ಆಕ್ಷೇಪಣೆಯ ವಿಚಾರಣೆ, ಕೊನೆಗೆ ಅಂತಿಮ ಅಧಿಸೂಚನೆ. ಎಲ್ಲವೂ ತೆರೆದ ಬಾಗಿಲಲ್ಲೇ. ತೀರ್ಮಾನ ಮಾತ್ರ ಫರ್ಮ್‌ವೇರಿನಲ್ಲಿ.

ಜಂಗಮಕೋಟೆಯ ಯೋಜನೆಯನ್ನೇ ಪ್ಯಾಚ್ (ಕೋಡಿನ ತಿದ್ದುಪಡಿ) ಮಾಡಿ ಕರ್ನಲ್‌ನವರಿಗೆ ಕಳಿಸಿದ್ದರೆ ಏನಾಗುತ್ತಿತ್ತು? 'ಒಂದೇ ಪ್ಯಾಚಿನಲ್ಲಿ 2,800 ಎಕರೆಯೇ? ತುಂಡು ಮಾಡಿ ತನ್ನಿ. ಯಾಕೆ ಬೇಕೆಂದು ಬರೆದಿಲ್ಲ. ಪರೀಕ್ಷಿಸಿದವರು ಯಾರು?' ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಯೂಸರ್‌ಸ್ಪೇಸ್ ಮುರಿಯಬಾರದು ಎಂಬುದು ಲಿನಕ್ಸ್ ಹುಟ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ಕೂಗಿ ಕೂಗಿ ಹೇಳುವ ನಿಯಮ. ಕರ್ನಲ್ ಒಳಗೆ ಏನಾದರೂ ಬದಲಿಸಿಕೊಳ್ಳಿ, ಅದರ ಮೇಲೆ ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಿಲ್ಲಬಾರದು.

ಜಂಗಮಕೋಟೆಯಲ್ಲಿ ನಿನ್ನೆಯಿಂದ ಓಡುತ್ತಿರುವ ಪ್ರೋಗ್ರಾಂ ಹಿಪ್ಪುನೇರಳೆ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ರೇಷ್ಮೆ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಗೂಡು ಮೆತ್ತಗಾಗುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೀಲರ್ ಎರಡು ಬೆರಳಲ್ಲಿ ಒತ್ತಿ ನೋಡಿದರೆ ಸಾಕು, ಬೆಲೆ ಅಲ್ಲೇ ಇಳಿಯಿತು. ಈ ಹುಳು ಪ್ರಗತಿ ಪರಿಶೀಲನಾ ಸಭೆ ಮುಗಿಯುವ ತನಕ ಕಾಯುವುದಿಲ್ಲ.

ಇಂಟರ್‌ಕನೆಕ್ಟ್ ಬಂದೇ ಇಲ್ಲ ಎಂದು ಸರ್ಕಾರವನ್ನು ದೂರುವಂತೆಯೂ ಇಲ್ಲ. ಬೆಂಗಳೂರಿನಿಂದ ಈ ಜಿಲ್ಲೆಗೆ ಎಚ್.ಎನ್. ವ್ಯಾಲಿ ಪೈಪು ಬಂದಿದೆ, ರಾಜಧಾನಿಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೆರೆಗಳಿಗೆ ತುಂಬುತ್ತಿದೆ. ಮೂರನೇ ಹಂತದ ಪ್ಯಾಚು ಕೇಳಿ ಕೇಳಿ ರೈತರ ಗಂಟಲು ಒಣಗಿದೆ.

ಕಂಪ್ಯೂಟರ್ ಲೋಕದಲ್ಲೂ ಘೋಷಣೆಗಳು ಸಾಯುತ್ತವೆ. ಜೆನ್-ಜಡ್ ಮತ್ತು ಓಪನ್‌ಕ್ಯಾಪಿ ಎಂಬ ಇಂಟರ್‌ಕನೆಕ್ಟುಗಳು 2016ರಲ್ಲಿ ಭಾರೀ ಸದ್ದು ಮಾಡಿ ಹುಟ್ಟಿದವು. 2022ರ ಹೊತ್ತಿಗೆ ಎರಡೂ ಸಿಎಕ್ಸ್‌ಎಲ್‌ನ ಹೊಟ್ಟೆ ಸೇರಿದ್ದವು. ಯಾರ ಪಹಣಿಯೂ ಬದಲಾಗಲಿಲ್ಲ. ಬೇಡವಾದ ಕೋಡನ್ನು ರಿವರ್ಟ್ ಎಂಬ ಒಂದು ಆಜ್ಞೆ ಹಿಂದಕ್ಕೆ ಕಳಿಸುತ್ತದೆ.

28ನೇ ಕಲಮಿನಲ್ಲಿ ಆ ರಿವರ್ಟ್ ಗುಂಡಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು ಅದನ್ನು ಒತ್ತಿಸಿದರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಕೈಬಿಟ್ಟಿತು. ಅದೇ ತಿದ್ದುಪಡಿಯನ್ನು ಜಂಗಮಕೋಟೆಗೂ ಬ್ಯಾಕ್‌ಪೋರ್ಟ್ ಮಾಡಿ ಎಂದು ಕೇಳಿ ನೋಡಿ. ಉತ್ತರ: 'ಅದು ಬೇರೆ ಜಿಲ್ಲೆಯ ಕಡತ.'