ಮ.ರಾ.ರಾ.ಶ್ರೀ ವಿಳಾಸ ನೋಂದಣಿ ಪತ್ರದವರ ಸನ್ನಿಧಾನಕ್ಕೊಂದು ಬಿನ್ನಹ

ಜರ್ಮನಿಯ ಸಕಲ ಕಾಗದಪತ್ರಗಳ ಕುಲಗುರುಗಳೂ, ಬ್ಯಾಂಕು, ತೆರಿಗೆ, ವೀಸಾ ಕಚೇರಿಗಳಲ್ಲಿ ಅಗ್ರಪೂಜೆಗೆ ಪಾತ್ರರೂ ಆದ ಆನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿ ಮಹಾಶಯರ ಸನ್ನಿಧಾನದಲ್ಲಿ, ಕೆಲಸದ ವೀಸಾ ಹಿಡಿದು ತಮ್ಮ ನಾಡಿಗೆ ಬಂದಿಳಿಯುವ ಕನ್ನಡಿಗರ ಪರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಹೊರಗಿನಿಂದ ಬಂದವರು ಇಲ್ಲಿಯ ಬದುಕಿಗೆ ಹೊಂದಿಕೊಳ್ಳುವುದಿಲ್ಲ ಎಂಬ ದೂರು ತಮ್ಮ ನಾಡಿನ ಚರ್ಚೆಗಳಲ್ಲಿ ನಿತ್ಯ ಕೇಳಿಬರುತ್ತದೆ. ಅದನ್ನು ಸರಿಪಡಿಸಲೆಂದು ಹೊಸಬರಿಗಾಗಿ ಕೈಪಿಡಿಗಳೂ ಇವೆ. ಭಾನುವಾರ ಅಂಗಡಿ ತೆರೆದಿರುವುದಿಲ್ಲ, ಅಂದು ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಿ ಸದ್ದು ಮಾಡಬಾರದು, ಹಸಿ ಕಸ ಬೇರೆ, ಕಾಗದ ಬೇರೆ, ನೀರು ಕುಡಿದ ಪ್ಲಾಸ್ಟಿಕ್ ಬಾಟಲಿಯನ್ನು ವಾಪಸ್ ಕೊಟ್ಟರೆ 25 ಸೆಂಟ್ ಸಿಗುತ್ತದೆ. ಇದೆಲ್ಲ ಒಂದು ವಾರದ ಪಾಠ. ರದ್ದಿ ಪೇಪರಿನವನ ಜೊತೆ ಖಾಲಿ ಬಾಟಲಿಗೆ ಚೌಕಾಸಿ ಮಾಡಿ ಬೆಳೆದವರಿಗೆ ಕೊನೆಯದನ್ನಂತೂ ಯಾರೂ ಹೇಳಿಕೊಡಬೇಕಿಲ್ಲ. ಹೊಸಬರ ದಿನನಿತ್ಯದ ಬದುಕು ಎಡವುವುದು ಸಂಸ್ಕೃತಿಯ ಹೊಸ್ತಿಲಲ್ಲಿ ಅಲ್ಲ ಸ್ವಾಮೀ, ತಮ್ಮ ಹೊಸ್ತಿಲಲ್ಲಿ.

ಹೇಗೆಂದು ಕೇಳೋಣವಾಗಲಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ತಪ್ಪಿದರೆ 1000 ಯೂರೋವರೆಗೆ ದಂಡ. ನೋಂದಣಿಗೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಆ ಪತ್ರ ಬೇಕೆಂದರೆ ಮೊದಲು ಮನೆ ಸಿಗಬೇಕು. ಮನೆ ಕೊಡುವ ಮುನ್ನ ಮಾಲೀಕರು ಸಾಮಾನ್ಯವಾಗಿ ಕೇಳುವುದು ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಮಾಲೀಕರಿಂದ ಬಾಕಿಯಿಲ್ಲವೆಂಬ ಪತ್ರ ಮತ್ತು ಶೂಫಾ ವರದಿ. 1927ರಲ್ಲಿ ಹುಟ್ಟಿದ ಈ ಶೂಫಾ ಸಂಸ್ಥೆ ಜನರ ಸಾಲ, ಪಾವತಿಗಳ ಜಾತಕ ಇಟ್ಟುಕೊಂಡಿರುತ್ತದೆ. ಮೊನ್ನೆ ವಿಮಾನ ಇಳಿದವನಿಗೆ ಅಲ್ಲಿ ಜಾತಕವೇ ಇರುವುದಿಲ್ಲ. ಇನ್ನು ಸಂಬಳದ ಚೀಟಿ ಸರಿಯಾಗಿ ಬರಬೇಕಾದರೆ ತೆರಿಗೆ ಸಂಖ್ಯೆ ಬೇಕು; ಅದು ಬರುವುದು ನೋಂದಣಿಯಾದ ಮೇಲೆ, ಅದೂ ಅಂಚೆಯಲ್ಲಿ. ಅಂಚೆಯವರು ಹುಡುಕುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ಕೋಣೆ ಹಿಡಿದವನ ಹೆಸರು ಆ ಪೆಟ್ಟಿಗೆಯ ಮೇಲೆ ಇಲ್ಲದಿದ್ದರೆ ಕಾಗದ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುತ್ತದೆ. ಸಜ್ಜುಗೊಳಿಸಿದ ತಾತ್ಕಾಲಿಕ ಮನೆಗಳ ಜಾಹೀರಾತುಗಳಲ್ಲಂತೂ ‘ಇಲ್ಲಿ ನೋಂದಣಿಗೆ ಅವಕಾಶವಿಲ್ಲ’ ಎಂಬ ಸಾಲು ಬಹಳ ಕಡೆ ಕಾಣುತ್ತದೆ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬುದನ್ನು ನಾವು ಗಾದೆಯಾಗಿ ಬಳಸುತ್ತೇವೆ. ತಾವು ಆಡಳಿತ ಪದ್ಧತಿಯಾಗಿ ಬಳಸುತ್ತೀರಿ.

ಈ ಹೊಸಬರು ಕರೆಯದೆ ಬಂದ ನೆಂಟರಾಗಿದ್ದರೆ ಮಾತು ಬೇರೆ. 2023ರ ಫೆಬ್ರುವರಿಯಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಝ್ ಬೆಂಗಳೂರಿಗೇ ಬಂದು, ಐಟಿ ಕೆಲಸಗಾರರಿಗೆ ವೀಸಾ ಸುಲಭ ಮಾಡುವ ಮಾತಾಡಿದರು. 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವ ಘೋಷಣೆಯಾಯಿತು. ಬಾಗಿಲು ಅಗಲವಾಯಿತು, ಸಂತೋಷ. ಆದರೆ ಒಳಗಿನ ಪಡಸಾಲೆ ಇದ್ದಷ್ಟೇ ಇದೆ. ಜರ್ಮನಿಯಲ್ಲಿ ಹುಟ್ಟಿದ ಕೂಸಿಗೆ ತೆರಿಗೆ ಸಂಖ್ಯೆ ತಾನಾಗಿ ಮನೆಗೆ ಬರುತ್ತದೆ; ಅದಿನ್ನೂ ಕತ್ತು ನಿಲ್ಲಿಸಲು ಕಲಿತಿರುವುದಿಲ್ಲ. ಚಾನ್ಸಲರೇ ಕರೆದ ಎಂಜಿನಿಯರು ಮಾತ್ರ ಮೊದಲ ಸಂಬಳಕ್ಕೆ ಹೆಚ್ಚಿನ ದರದ ತೆರಿಗೆ ಬಿದ್ದೀತೇ ಎಂದು ಲೆಕ್ಕ ಹಾಕುತ್ತಾ ಕೂರುತ್ತಾನೆ. ಬರ್ಲಿನ್, ಹ್ಯಾಂಬರ್ಗ್‌ಗಳಲ್ಲಿ ಈಗ ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ವಿಳಾಸ ನೋಂದಾಯಿಸಬಹುದು. ಯಾರು? ಜರ್ಮನಿಯೊಳಗೇ ಮನೆ ಬದಲಿಸುವವರು. ಹೊರದೇಶದಿಂದ ಮೊದಲ ಸಲ ಬಂದವರು ಅಪಾಯಿಂಟ್‌ಮೆಂಟ್ ಹಿಡಿದು ಖುದ್ದಾಗಿಯೇ ದರ್ಶನ ಪಡೆಯಬೇಕು.

ತಮ್ಮ ಭಕ್ತರು ಇದಕ್ಕೆ ಆಕ್ಷೇಪಿಸುವುದು ಗೊತ್ತಿದೆ. ಸುಳ್ಳು ವಿಳಾಸ ಕೊಟ್ಟು ವಂಚಿಸುವವರನ್ನು ತಡೆಯಲೆಂದೇ 2015ರಲ್ಲಿ ಮಾಲೀಕರ ದೃಢೀಕರಣವನ್ನು ಮತ್ತೆ ಕಡ್ಡಾಯ ಮಾಡಲಾಯಿತು ಎನ್ನುತ್ತಾರೆ. ಒಪ್ಪಿದೆ. ಆದರೆ ವೀಸಾ ಅರ್ಜಿಯ ಕಡತದಲ್ಲಿ ಪಾಸ್‌ಪೋರ್ಟು, ಬೆರಳಚ್ಚು, ಪದವಿ, ಕಂಪನಿಯ ಕರಾರು ಎಲ್ಲವೂ ಇರುವ ಮನುಷ್ಯ ತಲೆಮರೆಸಿಕೊಳ್ಳಲು ಬಂದವನಲ್ಲ. ತಲೆ ಮೇಲೊಂದು ಸೂರು ಹುಡುಕುತ್ತಿರುವವನು. ಮೂಲ ಜರ್ಮನರಿಗೂ ಇದೇ ನಿಯಮ ಎಂಬುದು ಎರಡನೆಯ ಮಾತು. ನಿಯಮ ಅದೇ, ಆದರೆ ಜಾತಕ, ಸಂಖ್ಯೆ, ಖಾತೆ ಮೊದಲೇ ಇದ್ದವರು ಸರಪಳಿಯ ಯಾವ ಕೊಂಡಿಯಿಂದ ಬೇಕಾದರೂ ಒಳಹೊಗಬಹುದು. ಮೂರನೆಯದು ನಮಗೆ ನಾಟುವ ಬಾಣ: ನಿಮ್ಮೂರೇನು ಕಡಿಮೆಯೇ? ಕಡಿಮೆಯಿಲ್ಲ. ದೀರ್ಘಾವಧಿ ವೀಸಾದ ವಿದೇಶಿಯರು ಭಾರತದಲ್ಲೂ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಬೆಂಗಳೂರಿನ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದೂ ವಿಚಾರಿಸುತ್ತಾರೆ. ಬಿಹಾರ, ಅಸ್ಸಾಮಿನಿಂದ ಬಂದ ಕೂಲಿಯವರಿಗೆ ಈ ನಗರ ಒಡ್ಡುವ ಸರಪಳಿ ತಮ್ಮದಕ್ಕಿಂತ ನಯವಾದುದಲ್ಲ. ಅವರ ಪರವಾಗಿಯೂ ಒಂದು ಪತ್ರ ಬರೆಯತಕ್ಕದ್ದೇ. ಆದರೆ ನಮ್ಮ ಮನೆಯ ದೋಸೆ ತೂತಾಗಿದೆ ಎಂಬುದರಿಂದ ತಮ್ಮ ಕಾವಲಿ ಸರಿಯಿದೆಯೆಂದು ಸಾಬೀತಾಗುವುದಿಲ್ಲ.

ಭಾಷೆ ಕಲಿಯಿರಿ, ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ, ಕಲಿಯಲೇಬೇಕು. ಇನ್ನರ್ಧಕ್ಕೆ ತಮ್ಮ ನಾಡಿನವರೇ ಆದ ಫರ್ಡಿನೆಂಡ್ ಕಿಟೆಲ್ ಸಾಕ್ಷಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮಲ್ಲಿಗೆ ಬಂದ ಈ ಹೊಸಬರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ದುಡಿಮೆ ದೊಡ್ಡದು. ಜೊತೆಗೆ ಇರಲು ನೆಲೆ, ಬೆನ್ನಿಗೊಂದು ಸಂಸ್ಥೆ ಬಂದ ದಿನದಿಂದಲೇ ಇದ್ದವು. ಸೂರಿನ ಚಿಂತೆ ಬಗೆಹರಿದ ಮೇಲೆ ವ್ಯಾಕರಣ ತಲೆಗೆ ಹತ್ತುತ್ತದೆ. ಸಂಜೆಯೆಲ್ಲ ಮನೆ ಮಾಲೀಕರಿಗೆ ಅರ್ಜಿ ಬರೆಯುವವನು ಜರ್ಮನ್ ತರಗತಿಗೆ ಹೋಗುವುದು ಯಾವಾಗ?

ಸರಪಳಿ ಕಡಿಯುವುದು ಅಸಾಧ್ಯವೇನಲ್ಲ. ಒಂದು ಕಡೆ ತಾವೇ ಕಡಿದಿದ್ದೀರಿ. ಕಾನೂನುಬದ್ಧವಾಗಿ ನೆಲೆಸಿದ ಯಾರಿಗೇ ಆಗಲಿ, ಖಾಯಂ ವಿಳಾಸ ಇಲ್ಲದವರಿಗೂ ಸಹ, ಬ್ಯಾಂಕು ಮೂಲ ಖಾತೆಯೊಂದನ್ನು ಕೊಡಬೇಕೆಂದು 2016ರಿಂದ ಕಾನೂನಿದೆ. ಬ್ಯಾಂಕುಗಳು ಅದರಿಂದ ಮುಳುಗಿಲ್ಲ. 2025ರ ಸಮ್ಮಿಶ್ರ ಸರ್ಕಾರದ ಒಪ್ಪಂದದಲ್ಲಿ ಹೊರದೇಶದ ಕೆಲಸಗಾರರಿಗೆಂದೇ ಒಂದು ಡಿಜಿಟಲ್ ಸಂಸ್ಥೆ ಮಾಡುವ ಮಾತೂ ಇದೆ. ಅದು ಬರುವವರೆಗೆ ನಮ್ಮ ಬೇಡಿಕೆ ಎರಡೇ: ತೆರಿಗೆ ಸಂಖ್ಯೆಯನ್ನು ವೀಸಾ ಜೊತೆಯಲ್ಲೇ ಕೊಡಿಸಿ; ಮೊದಲ ಮೂರು ತಿಂಗಳು ಕೆಲಸ ಕೊಟ್ಟ ಕಂಪನಿಯ ವಿಳಾಸವನ್ನೇ ಕಾಗದ ಕಳಿಸಲು ಒಪ್ಪಿಕೊಳ್ಳಿ. ಈ ಪತ್ರಕ್ಕೆ ತಮ್ಮ ಉತ್ತರ ಅಂಚೆಯಲ್ಲೇ ಬರುವುದಾದರೆ ದಯವಿಟ್ಟು ಸ್ವಲ್ಪ ತಡೆಯಿರಿ, ಪೆಟ್ಟಿಗೆಯ ಮೇಲೆ ಹೆಸರು ಬರೆಸಲು ಮಾಲೀಕರ ಅನುಮತಿ ಇನ್ನೂ ಸಿಕ್ಕಿಲ್ಲ.

ಇಂತಿ ತಮ್ಮ ವಿಧೇಯ,
ನೋಂದಣಿಯಾಗದ ಹೊಸಬರ ಪರವಾಗಿ