ಇಪ್ಪತ್ತಡಿ ದೂರಕ್ಕೆ ಸ್ಕ್ವೇರ್ ಫೀಟಿನ ರೇಟೆಷ್ಟು?

ಬೆಂಗಳೂರಿನಲ್ಲಿ ಕೂತವರಿಗೆ ‘ಇಪ್ಪತ್ತಡಿ ದೂರ ನೋಡಿ’ ಎಂದು ಸಲಹೆ ಕೊಡುವ ಕಣ್ಣಿನ ಡಾಕ್ಟರಿಗೆ ಈ ಊರಿನ ಸೈಟಿನ ರೇಟು ಗೊತ್ತಿರಲಿಕ್ಕಿಲ್ಲ. ಕಣ್ಣುರಿ, ತಲೆನೋವು, ಸಂಜೆಯಾದರೆ ಅಕ್ಷರವೆಲ್ಲ ಮಂಜುಮಂಜು ಎಂದು ಹೋದವರಿಗೆಲ್ಲ ಸಿಗುವ ಮಂತ್ರ ಒಂದೇ: 20-20-20. ಇಪ್ಪತ್ತು ನಿಮಿಷಕ್ಕೊಮ್ಮೆ ಸ್ಕ್ರೀನಿನಿಂದ ಕಣ್ಣು ಕಿತ್ತು, ಇಪ್ಪತ್ತಡಿ ಆಚೆಗಿರುವುದೇನನ್ನಾದರೂ ಇಪ್ಪತ್ತು ಸೆಕೆಂಡು ನೋಡಬೇಕು. ಕ್ಯಾಲಿಫೋರ್ನಿಯಾದ ಜೆಫ್ರಿ ಆನ್ಶೆಲ್ ಎಂಬ ಕಣ್ಣಿನ ತಜ್ಞರು 1990ರ ದಶಕದಲ್ಲಿ ಜನರ ನೆನಪಿನಲ್ಲಿ ನಿಲ್ಲಲಿ ಎಂದು ಹೊಸೆದ ಸೂತ್ರವಿದು. ಅವರದೇನು, ಕಿಟಕಿಯಾಚೆ ಕ್ಯಾಲಿಫೋರ್ನಿಯಾ ಇತ್ತು. ನಮ್ಮ ಕಿಟಕಿಯಾಚೆ ಪಕ್ಕದ ಮನೆಯ ಗೋಡೆ, ಗೋಡೆಗೊಂದು ಎಸಿ ಡಬ್ಬ, ಡಬ್ಬದ ಮೇಲೊಂದು ಪಾರಿವಾಳ. ಮೂರೂ ನಾಲ್ಕಡಿಯೊಳಗೆ.

ಥರ್ಟಿ-ಫಾರ್ಟಿ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಒಂದೊಂದು ಮಹಡಿಗೂ ಪ್ಲೈವುಡ್ ಅಡ್ಡ ಹೊಡೆದು ಪಿಜಿ ಮಾಡಿರುವಲ್ಲಿ ಕಣ್ಣಿಗೆ ಸಿಗುವ ಅತಿ ದೂರದ ವಸ್ತು ಎದುರು ಮಂಚದ ಹುಡುಗ. ಏಳಡಿ. ಅವನೂ ಲ್ಯಾಪ್‌ಟಾಪಿನಲ್ಲಿ ಮುಳುಗಿರುತ್ತಾನೆ.

ಡಾಕ್ಟರು ಹೇಳುವುದರಲ್ಲಿ ತಪ್ಪೇನಿಲ್ಲ, ಅದೇ ತಾಪತ್ರಯ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿಹಿಡಿದು ಕೂತಿರುತ್ತದೆ. ಇಪ್ಪತ್ತಡಿ, ಅಂದರೆ ಸುಮಾರು ಆರು ಮೀಟರ್ ಆಚೆ ನೋಡಿದಾಗ ಸಡಿಲವಾಗುತ್ತದೆ. ಇನ್ನು ರೆಪ್ಪೆಯ ವಿಚಾರ. ನಿಮಿಷಕ್ಕೆ ಹದಿನೈದು ಸಲವೋ ಏನೋ ಬಡಿಯಬೇಕಾದ್ದು ಸ್ಕ್ರೀನ್ ಮುಂದೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಕಣ್ಣಿನ ಪಸೆ ಆರುತ್ತದೆ. ಸ್ವಯಂವರದಲ್ಲಿ ನಳನ ವೇಷದಲ್ಲಿ ಕೂತಿದ್ದ ದೇವತೆಗಳನ್ನು ದಮಯಂತಿ ಕಂಡುಹಿಡಿದದ್ದು ಅವರು ರೆಪ್ಪೆ ಬಡಿಯುವುದಿಲ್ಲ ಎಂಬ ಗುರುತಿನಿಂದ. ಇವತ್ತು ಯಾವುದಾದರೂ ಟೆಕ್ ಪಾರ್ಕಿನಲ್ಲಿ ಸ್ವಯಂವರ ಇಟ್ಟಿದ್ದರೆ ಅವಳು ಹಾರ ಹಿಡಿದುಕೊಂಡು ವಾಪಸು ಹೋಗಬೇಕಿತ್ತು. ಐದನೇ ಮಹಡಿ ಪೂರ್ತಿ ದೇವತೆಗಳೇ.

ರೆಪ್ಪೆ ಬಡಿಯಲು ದುಡ್ಡು ಕೊಡಬೇಕಿಲ್ಲ. ಹಾಗಾಗಿ ಅದನ್ನು ಮಾರುವವರೂ ಇಲ್ಲ. ಮಾರುವುದು ಸ್ಕ್ರೀನಿನ ನೀಲಿ ಬೆಳಕನ್ನು ತಡೆಯುತ್ತದೆ ಎನ್ನುವ ಬ್ಲೂ ಕಟ್ ಕನ್ನಡಕವನ್ನು. ಅದರ ಪ್ರದರ್ಶನ ಒಂದು ಸಲವಾದರೂ ನೋಡಬೇಕು. ಅಂಗಡಿಯವನು ಡ್ರಾಯರಿನಿಂದ ಪೆನ್ನಿನಂಥ ಒಂದು ಟಾರ್ಚು, ಒಂದು ಬಿಳಿ ಕಾರ್ಡು ತೆಗೆಯುತ್ತಾನೆ. ಮಾಮೂಲಿ ಗಾಜಿನ ಮೂಲಕ ಬೆಳಕು ಬಿಟ್ಟರೆ ಕಾರ್ಡಿನ ಮೇಲೆ ನೇರಳೆ ಬಣ್ಣದ ಕಲೆ ಮೂಡುತ್ತದೆ. ಬ್ಲೂ ಕಟ್ ಗಾಜು ಅಡ್ಡ ಹಿಡಿದರೆ ಕಲೆಯೇ ಇಲ್ಲ. ‘ನೋಡಿದ್ರಾ ಸರ್? ಇದೆಲ್ಲ ನಿಮ್ಮ ಕಣ್ಣೊಳಗೆ ಹೋಗ್ತಿತ್ತು.’ ನೋಡಿದವರ ಕೈ ತಾನಾಗಿ ಫೋನ್‌ಪೇಗೆ ಹೋಗುತ್ತದೆ. ಅವನು ಹೇಳದಿರುವುದು ಇಷ್ಟೇ: ಇಂಥ ಪೆನ್ನುಗಳು ಸಾಮಾನ್ಯವಾಗಿ ಬಿಡುವುದು 405 ನ್ಯಾನೊಮೀಟರಿನ ನೇರಳೆ ಬೆಳಕು, ನಿಮ್ಮ ಮಾನಿಟರಿನ ನೀಲಿಯ ಭರಾಟೆ ಇರುವುದು 450ರ ಆಸುಪಾಸಿನಲ್ಲಿ. ಆ ನೀಲಿಯಲ್ಲಿ ಬಹುಪಾಲು ಗಾಜು ದಾಟಿ ಆರಾಮಾಗಿ ಒಳಗೆ ಬರುತ್ತದೆ. ದಿನಕ್ಕೆ ಎಂಟು ಗಂಟೆ ಪೆನ್ನಿನ ಎದುರು ಕೂತು ಕೆಲಸ ಮಾಡುವವರು ಈ ಕನ್ನಡಕವನ್ನು ಧಾರಾಳವಾಗಿ ಕೊಳ್ಳಬಹುದು.

2023ರಲ್ಲಿ ಕೊಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಮಾಮೂಲಿ ಗಾಜಿಗೂ ಇದಕ್ಕೂ ಕಣ್ಣಿನ ಆಯಾಸದ ಮಟ್ಟಿಗೆ ವ್ಯತ್ಯಾಸ ಇದ್ದಂತಿಲ್ಲ, ಕಡೇಪಕ್ಷ ಕೆಲವು ದಿನ-ವಾರಗಳ ಬಳಕೆಯಲ್ಲಂತೂ ಇಲ್ಲ ಎಂದಿತು. ಬ್ರಿಟನ್ನಿನ ದೊಡ್ಡದೊಂದು ಕನ್ನಡಕದ ಕಂಪನಿ ಇದೇ ನೀಲಿ ಬೆಳಕಿನ ಗುಮ್ಮ ತೋರಿಸಿ ಜಾಹೀರಾತು ಕೊಟ್ಟದ್ದಕ್ಕೆ 40,000 ಪೌಂಡ್ ದಂಡ ಕಟ್ಟಿತು. ಇಲ್ಲಿ ಒಂದು ಕೊಂಡರೆ ಒಂದು ಫ್ರೀ. ನಲವತ್ತು ದಾಟಿದ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಚಾಳೀಸು. ಆದರೆ ‘ಚಾಳೀಸು ಬಂತು’ ಎನ್ನುವುದಕ್ಕಿಂತ ‘ಬ್ಲೂ ಲೈಟ್ ಹೊಡೀತು’ ಎನ್ನುವುದರಲ್ಲಿ ಒಂದು ತೂಕವಿದೆ, ವಯಸ್ಸಿನ ಸುದ್ದಿಯೂ ಬರುವುದಿಲ್ಲ.

ಕಂಪನಿಗಳೇನು ಕಣ್ಣು ಮುಚ್ಚಿ ಕೂತಿಲ್ಲ. ವರ್ಷಕ್ಕೊಮ್ಮೆ ‘ನೇತ್ರ ಆರೋಗ್ಯ’ ವೆಬಿನಾರ್ ಇಡುತ್ತವೆ. ತೊಂಬತ್ತು ನಿಮಿಷ, ಲ್ಯಾಪ್‌ಟಾಪಿನಲ್ಲೇ, ಕ್ಯಾಮೆರಾ ಆನ್ ಕಡ್ಡಾಯ. ಮಾನಿಟರ್ ಒಂದು ತೋಳಿನಷ್ಟು ದೂರವಿರಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ಎಸಿ ಗಾಳಿ ಮುಖಕ್ಕೆ ಬೀಸದಿರಲಿ ಎಂದು ಸ್ಲೈಡುಗಳು ಹೇಳುತ್ತವೆ. ಎಲ್ಲ ಸರಿಯೇ. ಎಸಿ ರಿಮೋಟು ಮಾತ್ರ ಫೆಸಿಲಿಟಿಯವರ ಬೀರುವಿನಲ್ಲಿ. ಆಫೀಸಿನಲ್ಲಿ ಇಪ್ಪತ್ತಡಿ ದೂರಕ್ಕೇನೂ ಬರವಿಲ್ಲ, ಆದರೆ ಅಷ್ಟು ದೂರದಲ್ಲಿ ಮ್ಯಾನೇಜರರ ಗಾಜಿನ ಕ್ಯಾಬಿನ್ನು. ಅದನ್ನೇ ಇಪ್ಪತ್ತು ಸೆಕೆಂಡು ದುರುಗುಟ್ಟಿಕೊಂಡು ನೋಡಿದವನ ಅಪ್ರೈಸಲ್ ಏನಾದೀತು?

ಲೆಕ್ಕ ಹಾಕಿದರೆ ಈ ಸೂತ್ರ ಕೇಳುವುದು ಗಂಟೆಗೊಂದೇ ನಿಮಿಷ. ಯುರೋಪು 1990ರ ನಿರ್ದೇಶನದಲ್ಲೇ ಸ್ಕ್ರೀನ್ ಕೆಲಸದ ನಡುವೆ ಬಿಡುವು, ನೌಕರರಿಗೆ ಕಣ್ಣಿನ ಪರೀಕ್ಷೆ ಎರಡನ್ನೂ ಮಾಲೀಕರ ಕುತ್ತಿಗೆಗೆ ಕಟ್ಟಿತು. ನಮ್ಮಲ್ಲಿ 2024ರ ಜುಲೈನಲ್ಲಿ ಸರ್ಕಾರದ ಮುಂದೆ ಬಂದದ್ದು ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ. ನೌಕರರ ಸಂಘ ಕೂಗೆಬ್ಬಿಸಿತು. ಆದರೆ ಪ್ರಸ್ತಾಪ ಮಾಡಿದವರ ಉದಾರತೆಯನ್ನು ಯಾರೂ ಗಮನಿಸಲಿಲ್ಲ: ಗಂಟೆಗೊಂದು ನಿಮಿಷದಂತೆ ಕಣ್ಣಿಗೆ ದಿನವೂ 14 ನಿಮಿಷ ವಿಶ್ರಾಂತಿ ಸಿಗುತ್ತಿತ್ತು!

ಮಕ್ಕಳ ಕಣ್ಣಿನದು ಬೇರೆಯೇ ಕಥೆ. ಅವರಿಗೆ ಬೇಕಾದ್ದು ಬಯಲು ಮತ್ತು ಬೆಳಕು. ತೈವಾನಿನವರು 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಹಿಡಿದರು. ದಶಕಗಳಿಂದ ಏರುತ್ತಲೇ ಇದ್ದ ಸಮೀಪದೃಷ್ಟಿ ದೋಷದ ಪ್ರಮಾಣ ಕೆಲವೇ ವರ್ಷಗಳಲ್ಲಿ ಇಳಿಮುಖವಾಯಿತು. ನಮ್ಮ ಅಪಾರ್ಟ್‌ಮೆಂಟಿನವರಿಗೂ ಮಕ್ಕಳ ಕಣ್ಣಿನ ಚಿಂತೆ ಕಡಿಮೆಯೇನಲ್ಲ. ಹುಲ್ಲುಹಾಸಿನ ಮೇಲೆ ಓಡಬಾರದು, ಪಾರ್ಕಿಂಗಿನಲ್ಲಿ ಚೆಂಡು ಆಡಬಾರದು, ಸೈಕಲ್ ಸಂಜೆ ಐದರಿಂದ ಆರು ಮಾತ್ರ ಎಂದು ಬೋರ್ಡು ಬರೆಸಿದ ಅಸೋಸಿಯೇಷನ್ನೇ ಈ ಭಾನುವಾರ ಕ್ಲಬ್‌ಹೌಸಿನಲ್ಲಿ ಮಕ್ಕಳಿಗಾಗಿ ಶಿಬಿರ ಇಟ್ಟಿದೆ. ಬ್ಲೂ ಕಟ್ ಕನ್ನಡಕ, ನಿವಾಸಿಗಳಿಗೆ ಶೇ 30 ರಿಯಾಯಿತಿ. ನೋಂದಣಿ ಆ್ಯಪ್‌ನಲ್ಲಿ ಮಾತ್ರ.