ಡಿಫಾಲ್ಟ್ ಸರ್ಟಿಫಿಕೇಟ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಿಫಾಲ್ಟ್ ಸರ್ಟಿಫಿಕೇಟ್ ಸಾಹೇಬರೇ,

ನಿಮ್ಮನ್ನು ಯಾರೂ ಆರಿಸಲಿಲ್ಲ, ಯಾರೂ ನೇಮಿಸಲಿಲ್ಲ. ಆದರೂ ಸರ್ವರಿನ ಅಗಸಿಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೀರಿ. ಬಂದವರು ಯಾರ ಮನೆ ಕೇಳುತ್ತಿದ್ದಾರೆಂದು ತಿಳಿಯದಿದ್ದಾಗಲೆಲ್ಲ ತಾಣದ ಗುರುತುಚೀಟಿಯೆಂದು ನಿಮ್ಮ ಕಾಗದವನ್ನೇ ಮುಂದೆ ಚಾಚುತ್ತೀರಿ. ಈ ಅಧಿಕಾರ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ವರ್ಣಮಾಲೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳ ಜಾಲತಾಣಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಐಪಿ ವಿಳಾಸದ ಹಿಂದೆ ಇಟ್ಟಿದ್ದಾರೆ ಎಂದುಕೊಳ್ಳೋಣ. ಊರಿಗೊಂದು ಸರ್ಟಿಫಿಕೇಟು, ಊರಿಗೊಂದು ಕಾನ್ಫಿಗ್ ಫೈಲು. ಎಂಜಿನ್‌ಎಕ್ಸ್ ಆಗಲಿ ಅಪಾಚೆ ಆಗಲಿ, ಸರ್ವರ್ ತಂತ್ರಾಂಶವು ಆ ಫೈಲುಗಳ ಫೋಲ್ಡರನ್ನು ಅಕ್ಷರಕ್ರಮದಲ್ಲಿ ಓದಿಕೊಂಡು ಹೋಗುತ್ತದೆ. ಡಿಫಾಲ್ಟ್ ಯಾರೆಂದು ಯಾರೂ ಬರೆದಿಡದಿದ್ದರೆ ಮೊದಲು ಕಣ್ಣಿಗೆ ಬಿದ್ದದ್ದೇ ಡಿಫಾಲ್ಟ್. ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೂ ಕನ್ನಡದಲ್ಲಿ ಜೋಡಿಸಿದರೂ ಗಜೇಂದ್ರಗಡ ಮೊದಲು, ನರಗುಂದ ನಡುವೆ, ರೋಣ ಕೊನೆಗೆ. 1997ರಲ್ಲಿ ಗದಗ ಜಿಲ್ಲೆ ಹುಟ್ಟಿದಾಗ ಗಜೇಂದ್ರಗಡ ಇನ್ನೂ ರೋಣ ತಾಲ್ಲೂಕಿನದೇ ಊರು. ತಾಲ್ಲೂಕಿನ ಪಟ್ಟ ದಕ್ಕಿದ್ದು ಬಹಳ ವರ್ಷಗಳ ಮೇಲೆ. ಸರ್ವರಿನೊಳಗೆ ಮಾತ್ರ ಒಂದು ಮನವಿಪತ್ರವನ್ನೂ ಕೊಡದೆ ಅದು ರೋಣದ ತಲೆಯ ಮೇಲೆ ಕೂತಿತು. ನಾಳೆ ಅಬ್ಬಿಗೇರಿ ಎಂಬ ಹಳ್ಳಿಯ ಹೆಸರಿನಲ್ಲೊಂದು ಫೈಲನ್ನು ಅಲ್ಲೇ ತಂದಿಟ್ಟರೆ, ರಾತ್ರಿ ಬೆಳಗಾಗುವುದರೊಳಗೆ ಅಬ್ಬಿಗೇರಿಯೇ ಮೂರೂ ಪಟ್ಟಣಗಳ ಯಜಮಾನ.

ಮೊದಮೊದಲು ನಿಮ್ಮ ಹುದ್ದೆಗೆ ಒಂದು ಕಾರಣವಿತ್ತು, ಅದನ್ನು ಒಪ್ಪುತ್ತೇನೆ. ಬ್ರೌಸರು ‘ನನಗೆ ಇಂಥ ತಾಣದ ಇಂಥ ಪುಟ ಬೇಕು’ ಎಂದು ಬಾಯಿ ಬಿಡುವ ಮೊದಲೇ ಸರ್ವರು ತನ್ನ ಗುರುತಿನ ಕಾಗದ ತೋರಿಸಬೇಕಿತ್ತು. ಹೆಸರೇ ಗೊತ್ತಿಲ್ಲದೆ ಯಾವ ಕಾಗದ ತೋರಿಸುವುದು? ಹಾಗಾಗಿ ಐಪಿಗೊಂದೇ ಸರ್ಟಿಫಿಕೇಟು ಎಂಬ ಕಟ್ಟುಪಾಡು. 2003ರಲ್ಲಿ ಎಸ್‌ಎನ್‌ಐ ಎಂಬ ವಿಸ್ತರಣೆ ಬಂದು, ಮೊದಲ ನಮಸ್ಕಾರದಲ್ಲೇ ಬ್ರೌಸರು ತಾಣದ ಹೆಸರನ್ನು ಹೇಳುವ ರೂಢಿ ಹುಟ್ಟಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಈ ನಮಸ್ಕಾರ ಬರುತ್ತಿರಲಿಲ್ಲ; ಅಂಥವರಿಗಾಗಿ ನೀವು ಬಾಗಿಲಲ್ಲಿ ಕೂತಿದ್ದು ಸರಿಯೇ. ಆದರೆ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಇಂದು ಹೆಸರು ಹೇಳದೆ ಬಾಗಿಲು ಬಡಿಯುವವರಲ್ಲಿ ಹೆಚ್ಚಿನವು ಐಪಿ ಸಂಖ್ಯೆ ಹಿಡಿದು ಓಣಿ ಓಣಿ ಅಲೆಯುವ ಸ್ಕ್ಯಾನರುಗಳು. ಅವುಗಳ ಕೈಗೆ ನಿಮ್ಮ ಕಾಗದವಿಟ್ಟು, ಒಳಗೆ ಯಾರ್‍ಯಾರ ಹೆಸರಿದೆ ಎಂಬುದನ್ನೂ ಕೇಳದೆಯೇ ಹೇಳಿ ಕಳಿಸುತ್ತೀರಿ. ಇಷ್ಟು ಸೌಜನ್ಯ ಯಾವ ಕಚೇರಿಯ ಕೌಂಟರಿನಲ್ಲೂ ಕಾಣದು.

ನಿಮ್ಮ ಪರ ವಕೀಲರು ಹೇಳುವುದುಂಟು: ಹೆಸರು ಹೊಂದದಿದ್ದರೇನಂತೆ, ಮಾತುಕತೆಗೆ ಬೀಗ ಬಿದ್ದಿರುತ್ತದಲ್ಲ, ನಡುದಾರಿಯಲ್ಲಿ ಕದ್ದು ಕೇಳುವವರಿಗೆ ಏನೂ ಸಿಗುವುದಿಲ್ಲ. ಬೀಗವೇನೋ ಬಿತ್ತು, ಒಳಗೆ ಕೂತವನು ಯಾರು? 2014ರ ಜುಲೈನಲ್ಲಿ ಗೂಗಲ್ಲಿನ ಕೆಲವು ತಾಣಗಳ ಹೆಸರಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿರುವುದು ಪತ್ತೆಯಾಯಿತು. ಅವು ಹುಟ್ಟಿದ್ದು ನಮ್ಮದೇ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ಟಿಫಿಕೇಟ್ ವಿಭಾಗದಲ್ಲಿ. ಅದರ ಮೇಲೆ ಭಾರತದ ಸರ್ಟಿಫಿಕೇಟ್ ನಿಯಂತ್ರಕರ ಮುದ್ರೆ, ಆ ಮುದ್ರೆಗೆ ಮೈಕ್ರೋಸಾಫ್ಟಿನ ಮಾನ್ಯತೆ. ಹೀಗಾಗಿ ವಿಂಡೋಸಿನ ಬಹುತೇಕ ತಂತ್ರಾಂಶಗಳು ಆ ಕಾಗದಗಳನ್ನು ಕಣ್ಣಿಗೊತ್ತಿಕೊಳ್ಳುವ ಸ್ಥಿತಿಯಿತ್ತು. ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ಬಚಾವಾಯಿತು. ನಿಯಂತ್ರಕರು ಕೇಂದ್ರಕ್ಕೆ ಕೊಟ್ಟಿದ್ದ ನಡುವಿನ ಸರ್ಟಿಫಿಕೇಟುಗಳನ್ನು ರದ್ದುಗೊಳಿಸಿದರು. ಅಲ್ಲಿ ಬೀಗಕ್ಕೇನೂ ಕೊರತೆಯಿರಲಿಲ್ಲ, ಸುಳ್ಳಾಗಿದ್ದದ್ದು ಹೆಸರು. ಕಾಗದದ ಮೇಲಿನ ಹೆಸರನ್ನು ಯಾರು ಒಪ್ಪುತ್ತಾರೆ ಎಂಬ ಪ್ರಶ್ನೆಯ ಬೆಲೆಯನ್ನು ನರಗುಂದಕ್ಕೆ ಬಿಡಿಸಿ ಹೇಳಬೇಕಿಲ್ಲ. ದತ್ತಕಕ್ಕೆ ಕಂಪನಿ ಸರಕಾರ ಒಪ್ಪಿಗೆ ಕೊಡದಿದ್ದುದು 1858ರಲ್ಲಿ ಅಲ್ಲಿಯ ಅರಸ ಬಾಬಾಸಾಹೇಬ ತಿರುಗಿಬೀಳಲು ಇದ್ದ ಕಾರಣಗಳಲ್ಲಿ ಒಂದು.

‘ಅಡ್ವಾನ್ಸ್ಡ್ ಒತ್ರಿ, ಮುಂದ ಹೋಗ್ರಿ, ಏನೂ ಆಗಂಗಿಲ್ಲ’ ಎಂಬುದು ಹೆಸರು ಹೊಂದದೆ ಬ್ರೌಸರು ಎಚ್ಚರಿಸಿದಾಗ ಬರುವ ಇನ್ನೊಂದು ವಾದ. ವಾದವೆನ್ನುವುದಕ್ಕಿಂತ ಇದು ಕೆಟ್ಟ ಚಟ. ಪಹಣಿಗೋ ಆಸ್ತಿ ತೆರಿಗೆಗೋ ಬಂದವನಿಗೆ ಕೆಂಪು ಎಚ್ಚರಿಕೆಯನ್ನು ದಾಟಲು ಒಮ್ಮೆ ಕಲಿಸಿದರೆ, ನಾಳೆ ನಿಜವಾದ ಕಳ್ಳತಾಣದ ಮುಂದೆಯೂ ಅವನು ಅದನ್ನೇ ಒತ್ತುತ್ತಾನೆ. ಎಚ್‌ಎಸ್‌ಟಿಎಸ್ ಹಾಕಿ ಸುರಕ್ಷಿತ ಸಂಪರ್ಕವನ್ನೇ ಕಡ್ಡಾಯ ಮಾಡಿದ ತಾಣದಲ್ಲಂತೂ ಬ್ರೌಸರು ಆ ಗುಂಡಿಯನ್ನೇ ಕೊಡುವುದಿಲ್ಲ. ನಿಮ್ಮ ಕಾಗದ ಹೊರಬಂತೆಂದರೆ ಅಂಗಡಿ ಬಂದ್.

ಹಾಗಾದರೆ ಎಲ್ಲ ಊರಿಗೂ ಒಂದೇ ವೈಲ್ಡ್‌ಕಾರ್ಡ್ ಸಾಕಲ್ಲ, ಆಯ್ಕೆಯ ತಂಟೆಯೇ ಇರುವುದಿಲ್ಲ, ಎನ್ನುವವರು ನಿಮ್ಮ ಅಭಿಮಾನಿಗಳಲ್ಲೇ ಸ್ವಲ್ಪ ಬುದ್ಧಿವಂತರು. ನಮ್ಮ ರಾಜ್ಯದ ನಗರಾಡಳಿತಗಳ ತಾಣಗಳಿಗೆ ಮುಂದೆ ಊರಿನ ಹೆಸರು, ಹಿಂದೆ ಎಂಆರ್‌ಸಿ ಡಾಟ್ ಗವ್ ಡಾಟ್ ಇನ್ ಎಂಬ ಕುಲನಾಮ ಇಡುವ ಪದ್ಧತಿಯಿದೆ. ಇಂಥ ಕಡೆ ವೈಲ್ಡ್‌ಕಾರ್ಡ್ ಸಲೀಸೆಂದೇ ತೋರುತ್ತದೆ. ಆದರೆ ವೈಲ್ಡ್‌ಕಾರ್ಡಿನಲ್ಲಿ ಊರಿನ ಹೆಸರಿನ ಜಾಗಕ್ಕೆ ಹಾಕುವ ನಕ್ಷತ್ರ ಒಂದೇ ಮೆಟ್ಟಿಲು ಹತ್ತುತ್ತದೆ. ಊರಿನ ಹೆಸರಿಗೂ ಮೊದಲು ಯಾರಾದರೂ ಅಭ್ಯಾಸಬಲದಿಂದ ‘ಡಬ್ಲ್ಯುಡಬ್ಲ್ಯುಡಬ್ಲ್ಯು ಡಾಟ್’ ಸೇರಿಸಿದರೆ ಅದು ಎರಡನೆಯ ಮೆಟ್ಟಿಲು. ನಕ್ಷತ್ರ ಅಲ್ಲಿಗೆ ಮುಟ್ಟುವುದಿಲ್ಲ. ಒಂದೇ ಕಾಗದವೆಂದರೆ ಒಂದೇ ಗುಪ್ತ ಕೀಲಿ: ನರಗುಂದದ ಕಡೆಯಿಂದ ಕೀಲಿ ಸೋರಿದರೆ ರೋಣದ ಬಾಗಿಲೂ ಹಾರುಹೊಡೆಯುತ್ತದೆ. ಅವಧಿಯೂ ಒಂದೇ ದಿನ ಮುಗಿಯುತ್ತದೆ. ಆ ಅವಧಿಯೂ ಕುಗ್ಗುತ್ತಿದೆ: 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟು ಕೊಡುವವರೂ ಬ್ರೌಸರಿನವರೂ ಸೇರಿ ಮಾಡಿದ ನಿರ್ಣಯದಂತೆ ಸರ್ಟಿಫಿಕೇಟಿನ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100 ದಿನ, 2029ರ ಹೊತ್ತಿಗೆ 47 ದಿನ. ವರ್ಷಕ್ಕೊಮ್ಮೆ ನೆನಪಿಡಲಾಗದವರು ಒಂದೂವರೆ ತಿಂಗಳಿಗೊಮ್ಮೆ ನೆನಪಿಡುತ್ತಾರೆಂದು ನಂಬುವಷ್ಟು ಭೋಳೆತನ ನನಗಿಲ್ಲ. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲೇಬೇಕು. ಯಂತ್ರಕ್ಕೆ ಒಪ್ಪಿಸಿದ್ದನ್ನು ಪರೀಕ್ಷಿಸಲೂಬೇಕು.

ಪರೀಕ್ಷೆಯ ಮಾತು ಬಂದಾಗಲೇ ನಿಮ್ಮ ಮುಖದಲ್ಲಿ ಕಳೆ ಏರುತ್ತದೆ, ಯಾಕೆಂದರೆ ನಮ್ಮಲ್ಲಿ ಪರೀಕ್ಷೆ ಎಂದರೆ ‘ನನ್ನ ಲ್ಯಾಪ್‌ಟಾಪಿನ್ಯಾಗ ಬರ್ತದ’. ಹಿಂದೊಮ್ಮೆ ‘ಮುಂದ ಹೋಗ್ರಿ’ ಒತ್ತಿದ ಬ್ರೌಸರಿನಲ್ಲಿ ಅದು ಬಂದೇ ಬರುತ್ತದೆ. ಫೈಲನ್ನು ತೆರೆದು ತಾರೀಖು ನೋಡುವುದೂ ಪರೀಕ್ಷೆಯಲ್ಲ: ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟು ಕೂತಿದ್ದರೂ ಸರ್ವರನ್ನು ರೀಲೋಡ್ ಮಾಡದಿದ್ದರೆ ಅದು ನೆನಪಿನಲ್ಲಿರುವ ಹಳೆಯದನ್ನೇ ಹಂಚುತ್ತಿರುತ್ತದೆ. ಹೊರಗಿನಿಂದ, ಓಪನ್‌ಎಸ್‌ಎಸ್‌ಎಲ್ಲಿನಂಥ ಸಲಕರಣೆ ಹಿಡಿದು, ಒಂದೊಂದೇ ಹೆಸರು ಹೇಳಿ ಬಾಗಿಲು ತಟ್ಟಬೇಕು. ಅಲ್ಲೂ ಒಂದು ಮಸಲತ್ತಿದೆ: ಅದರ ಹಳೆಯ ಆವೃತ್ತಿಗಳು ಹೆಸರನ್ನು ತಾವಾಗಿ ಹೇಳುವುದಿಲ್ಲ, ‘ಸರ್ವರ್‌ನೇಮ್’ ಎಂದು ನಾವೇ ಬರೆದುಕೊಡಬೇಕು, ಮರೆತರೆ ರೋಣವನ್ನು ಪರೀಕ್ಷಿಸುತ್ತಿದ್ದೇವೆಂಬ ಭ್ರಮೆಯಲ್ಲಿ ನಿಮ್ಮ ದರ್ಶನ ಮಾಡಿ ಮರಳುತ್ತೇವೆ. ಐಪಿವಿ4ರ ಬಾಗಿಲು ಬೇರೆ, ಐಪಿವಿ6ರ ಬಾಗಿಲು ಬೇರೆ. ಎರಡಕ್ಕೂ ಬೇರೆ ಬೇರೆ ಡಿಫಾಲ್ಟ್ ಇರಬಹುದು. ಒಂದೇ ಹೆಸರಿಗೆ ಆರ್‌ಎಸ್‌ಎ ಒಂದು, ಇಸಿಡಿಎಸ್‌ಎ ಒಂದು ಎಂದು ಎರಡು ಸರ್ಟಿಫಿಕೇಟು ಇಟ್ಟಿದ್ದರೆ, ಬಂದವನಿಗೆ ಯಾವ ಸಹಿ ಓದಲು ಬರುತ್ತದೆ ಎಂಬುದರ ಮೇಲೆ ಆಯ್ಕೆ ನಡೆಯುತ್ತದೆ. ಎರಡನೆಯದನ್ನು ನವೀಕರಿಸಿ ಮೊದಲನೆಯದನ್ನು ಮರೆತರೆ ಹೊಸ ಫೋನಿನವರಿಗೆ ತಾಣ ತೆರೆಯುತ್ತದೆ, ಹಳೆಯ ಫೋನಿನವರಿಗೆ ಇಲ್ಲ. ದೂರು ಕೊಟ್ಟವರಿಗೆ ‘ನಿಮ್ಮ ನೆಟ್‌ವರ್ಕ್ ಸರಿ ಇಲ್ರಿ’ ಎಂಬ ಉತ್ತರ.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆಯನ್ನು ಮಾಡುವವರೇ ಕಡಿಮೆ. ಇಲ್ಲದ ಊರಿನ ಹೆಸರು ಹೇಳಿ ನೋಡಬೇಕು, ಹೆಸರೇ ಹೇಳದೆಯೂ ನೋಡಬೇಕು. ಆಗ ಹೊರಬರುವ ಕಾಗದವೇ ನೀವು. ಅಲ್ಲಿಗೆ ನಿಮ್ಮ ಬಂಡವಾಳ ಬಯಲು. ಎಂಜಿನ್‌ಎಕ್ಸ್‌ನಲ್ಲಿ 2020ರಿಂದ ಆ ಮೊದಲ ನಮಸ್ಕಾರವನ್ನೇ, ಅಂದರೆ ಹ್ಯಾಂಡ್‌ಶೇಕನ್ನೇ ತಿರಸ್ಕರಿಸುವ ಒಂದು ಸಾಲಿನ ಸೂಚನೆಯಿದೆ. ಅದನ್ನು ಡಿಫಾಲ್ಟ್ ಜಾಗದಲ್ಲಿಟ್ಟರೆ ಗೊತ್ತಿಲ್ಲದ ಹೆಸರಿಗೆ ಯಾವ ಕಾಗದವೂ ಇಲ್ಲ, ಬಾಗಿಲು ಮುಚ್ಚಿದೆ ಅಷ್ಟೆ. ಇದು ಒರಟುತನವಾಯಿತು, ಬಂದವರಿಗೆ ಏನಾದರೂ ತೋರಿಸಬೇಡವೇ, ಎಂದು ನಿಮ್ಮವರು ಗೊಣಗುತ್ತಾರೆ. ರೋಣದ ಉತಾರ ಕೇಳಿದವನಿಗೆ ಗಜೇಂದ್ರಗಡದ ಉತಾರ ಕೊಟ್ಟು ಕಳಿಸುವ ಗುಮಾಸ್ತನನ್ನು ಯಾರೂ ಉಪಕಾರಿ ಎನ್ನುವುದಿಲ್ಲ. ‘ಇಲ್ಲಿ ಸಿಗಂಗಿಲ್ರಿ’ ಎಂದವನೇ ವಾಸಿ, ಬಂದವನಿಗೆ ಬಸ್ ಚಾರ್ಜಾದರೂ ಉಳಿಯುತ್ತದೆ.

ಆದ್ದರಿಂದ ಕುರ್ಚಿ ಖಾಲಿ ಮಾಡಿ ಎಂದು ವಿನಂತಿ. ಈ ಪತ್ರದ ಲಕೋಟೆಯ ಮೇಲೆ ಮೂರೂ ಊರುಗಳ ಹೆಸರನ್ನು ಬರೆದಿದ್ದೇನೆ. ಅವುಗಳಲ್ಲಿ ಒಂದೂ ನಿಮ್ಮದಲ್ಲದಿದ್ದರೆ, ದಯವಿಟ್ಟು ತೆರೆಯದೆ ವಾಪಸು ಕಳಿಸಿ.

ಇಂತಿ,
ಹೆಸರು ಹೇಳಿಯೇ ಬಾಗಿಲು ತಟ್ಟುವ ಒಬ್ಬ ನಾಗರಿಕ